ಒಂದೇ ಡೌನ್‌ಲೋಡ್, ಇಪ್ಪತ್ತು ಕಂಪ್ಯೂಟರ್‌ಗೆ ಅಪ್‌ಡೇಟ್

ಚಿತ್ರದುರ್ಗದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ, ನಾವೆಲ್ಲ ‘ಆಮೇಲೆ ಮಾಡೋಣ’ ಅಂತ ಮುಂದೂಡೋ ಅಪ್‌ಡೇಟ್.

ಈಚೆಗೆ ಹೊಸದುರ್ಗದ ಕಡೆ ಒಂದು ಕಂಪ್ಯೂಟರ್ ಲ್ಯಾಬ್‌ಗೆ ಹೋಗಿದ್ದೆ. 20 ಕಂಪ್ಯೂಟರ್, ಎಲ್ಲದರಲ್ಲೂ ಉಬುಂಟು. ಇಂಟರ್ನೆಟ್‌ಗೆ ಸಿಮ್ ಹಾಕಿದ ಒಂದು ರೂಟರ್, ದಿನಕ್ಕೆ 2 ಜಿಬಿ. ‘ಅಪ್‌ಡೇಟ್ ಆಫ್ ಮಾಡಿದ್ದೀವಪ್ಪ, ಇಲ್ಲಾಂದ್ರೆ ಮಧ್ಯಾಹ್ನದೊಳಗೆ ಡೇಟಾ ಖಾಲಿ’ ಅಂದ್ರು ಮೇಷ್ಟ್ರು.

ಅವರ ಲೆಕ್ಕ ತಪ್ಪಲ್ಲ. ಒಂದು ಕಂಪ್ಯೂಟರ್‌ಗೆ 300 ಎಂಬಿ ಅಂತಿಟ್ಕೊಂಡ್ರೂ 20ಕ್ಕೆ 6 ಜಿಬಿ. ಅಂದ್ರೆ ಮೂರು ದಿನದ ಡೇಟಾ. ಆದರೆ ಆಫ್ ಮಾಡೋದೂ ಅಪಾಯ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ವೈರಸ್ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳನ್ನ ಲಾಕ್ ಮಾಡಿತ್ತಲ್ಲ, ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕ್ಕೊಳ್ಳದವರು ಸಿಕ್ಕಿಬಿದ್ರು.

ಈಗ ಒಂದು ಪ್ರಶ್ನೆ. ಆ 6 ಜಿಬಿಯಲ್ಲಿ ಇರೋದೇನು? ಅದೇ 300 ಎಂಬಿ, 20 ಸಲ! ಹಾಗಿದ್ರೆ ಒಂದು ಸಲ ತಂದು ಲ್ಯಾಬ್‌ನಲ್ಲೇ ಇಟ್ಕೊಂಡ್ರೆ? ಅದನ್ನೇ ಕ್ಯಾಷಿಂಗ್ ಪ್ರಾಕ್ಸಿ ಅನ್ನೋದು. ನಮ್ಮ ಕೋಟೆಯ ಅಕ್ಕ-ತಂಗಿ ಹೊಂಡ ನೆನಪಿಸ್ಕೊಳ್ಳಿ. ಮಳೆ ಬಂದಾಗ ನೀರು ಹಿಡಿದಿಟ್ಟು, ಬೇಕಾದಾಗ ಎಲ್ಲರೂ ಅಲ್ಲಿಂದಲೇ ತಗೊಳ್ಳೋದು. ಇಲ್ಲೂ ಅಷ್ಟೇ.

ಮಾಡೋದು ಹೇಗೆ? ಲ್ಯಾಬ್‌ನ ಒಂದು ಕಂಪ್ಯೂಟರ್ ಆರಿಸ್ಕೊಳ್ಳಿ, ಹಳೆಯದಾದ್ರೂ ಸಾಕು, ಡಿಸ್ಕ್‌ನಲ್ಲಿ ಜಾಗ ಇರಬೇಕು. ಅದರಲ್ಲಿ ‘ಆಪ್ಟ್-ಕ್ಯಾಷರ್-ಎನ್‌ಜಿ’ ಅನ್ನೋ ಉಚಿತ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ. ಅದರ ಐಪಿ ವಿಳಾಸ ಬದಲಾಗದ ಹಾಗೆ ರೂಟರ್‌ನಲ್ಲಿ ಕಾಯಂ ಮಾಡಿ. ಉಳಿದ 19ರಲ್ಲಿ ಆಪ್ಟ್ ಸೆಟ್ಟಿಂಗ್‌ಗೆ ಒಂದೇ ಸಾಲು ಸೇರಿಸಬೇಕು: ಪ್ರಾಕ್ಸಿ ಅಂದ್ರೆ ಆ ಐಪಿ ವಿಳಾಸ, ಪೋರ್ಟ್ 3142. ಮೊದಲು ಒಂದೇ ಕಂಪ್ಯೂಟರ್ ಅಪ್‌ಡೇಟ್ ಮಾಡಿ, ಅದು ಮುಗಿದ ಮೇಲೆ ಉಳಿದವು. ಮೊದಲನೆಯದು ನಿಧಾನ. ಎರಡನೆಯದರಿಂದ ಫೈಲ್ ಬರೋದು ಪಕ್ಕದ ಟೇಬಲ್‌ನಿಂದ, ಡೇಟಾ ಹೆಚ್ಚುಕಮ್ಮಿ ಖರ್ಚೇ ಆಗಲ್ಲ.

‘ನಡುವೆ ಯಾರಾದ್ರೂ ಫೈಲ್ ಬದಲಾಯಿಸಿದ್ರೆ?’ ಅಂತ ಮೇಷ್ಟ್ರು ಕೇಳಿದ್ರು. ಒಳ್ಳೆ ಪ್ರಶ್ನೆ. ಉಬುಂಟು ತನ್ನ ಪ್ಯಾಕೇಜ್ ಪಟ್ಟಿಗೆ ಡಿಜಿಟಲ್ ಸಹಿ ಹಾಕಿರುತ್ತೆ. ಪ್ರತಿ ಕಂಪ್ಯೂಟರ್ ಆ ಸಹಿ ನೋಡಿ, ಬಂದ ಫೈಲ್ ಪಟ್ಟಿಗೆ ಹೊಂದುತ್ತಾ ಅಂತ ತಾನೇ ಪರೀಕ್ಷೆ ಮಾಡುತ್ತೆ. ಹೊಂದದಿದ್ರೆ ಇನ್‌ಸ್ಟಾಲ್ ಮಾಡಲ್ಲ.

ಮಿತಿಗಳೂ ಇವೆ. ಎಲ್ಲ ಕಂಪ್ಯೂಟರ್‌ನಲ್ಲಿ ಒಂದೇ ಆವೃತ್ತಿಯ ಉಬುಂಟು ಇದ್ರೆ ಮಾತ್ರ ಪೂರ್ತಿ ಲಾಭ. ಸ್ನ್ಯಾಪ್ ರೂಪದಲ್ಲಿ ಬರೋ ಫೈರ್‌ಫಾಕ್ಸ್ ಥರದವು ಈ ದಾರಿಯಲ್ಲಿ ಬರಲ್ಲ. ಕ್ಯಾಷ್ ಇರೋ ಕಂಪ್ಯೂಟರ್ ಆಫ್ ಆಗಿದ್ರೆ ಉಳಿದವಕ್ಕೂ ಅಪ್‌ಡೇಟ್ ಇಲ್ಲ. ಲ್ಯಾಪ್‌ಟಾಪ್ ಮನೆಗೆ ತಗೊಂಡು ಹೋದ್ರೆ ಆ ಸಾಲು ತೆಗೀಬೇಕು.

ವಿಂಡೋಸ್ ಲ್ಯಾಬ್ ಆದ್ರೆ ಇನ್ನೂ ಸುಲಭ. ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ ‘ಡೆಲಿವರಿ ಆಪ್ಟಿಮೈಸೇಷನ್’ ಹುಡುಕಿ, ಲೋಕಲ್ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳಿಗೆ ಮಾತ್ರ ಅಂತ ಆರಿಸಿ. ಅವು ತಮ್ಮತಮ್ಮಲ್ಲೇ ಹಂಚ್ಕೊಳ್ತವೆ.

ಹಿರಿಯೂರಲ್ಲೋ ಹೊಳಲ್ಕೆರೆಯಲ್ಲೋ ಓದ್ತಾ ಇದ್ದೀರಾ? ನಾಳೆ ನಿಮ್ಮ ಲ್ಯಾಬ್‌ನಲ್ಲಿ ಒಂದು ಮಾತು ಕೇಳಿ: ‘ಸರ್, ಅಪ್‌ಡೇಟ್ ಆನ್ ಇದೆಯಾ?’ ಇಲ್ಲ ಅಂದ್ರೆ, ಈ ಎಪಿಸೋಡ್ ಅವರಿಗೂ ಕೇಳಿಸಿ. ಮತ್ತೆ ಸಿಗೋಣ.