ಮಕೆರೆರೆ ಗುಡ್ಡದ ವಿದ್ಯಾಲಯ

ವಿಕ್ಟೋರಿಯಾ ಸರೋವರದ ಉತ್ತರಕ್ಕೆ, ಹಲವು ಗುಡ್ಡಗಳ ಮೇಲೆ ಹಬ್ಬಿಕೊಂಡಿರುವ ನಗರ ಕಂಪಾಲಾ, ಯುಗಾಂಡಾ ದೇಶದ ರಾಜಧಾನಿ. ಆ ಗುಡ್ಡಗಳಲ್ಲೊಂದರ ಹೆಸರು ಮಕೆರೆರೆ. 1922ರಲ್ಲಿ ಆಂಗ್ಲರ ಆಡಳಿತವು ಅಲ್ಲೊಂದು ಕಸಬಿನ ಶಾಲೆಯನ್ನು ತೆರೆದಾಗ ಬಂದು ಸೇರಿದವರು 14 ಮಂದಿ. ಅವರು ಕಲಿತದ್ದು ಮರಗೆಲಸ, ಕಟ್ಟಡದ ಕೆಲಸ, ಯಂತ್ರದ ಕೆಲಸ. ಇಂದು ಆ ಶಾಲೆಯೇ ಪೂರ್ವ ಆಫ್ರಿಕದ ಹಿರಿಯ ವಿಶ್ವವಿದ್ಯಾನಿಲಯ. ಅದನ್ನು ಬೆಳೆಸಿದ ಪರದೇಶದ ಸ್ನೇಹಗಳಲ್ಲಿ ಎರಡು ಮುಖ್ಯವಾದವು. ಅವೆರಡರ ರೀತಿ ಮಾತ್ರ ಒಂದೇ ಅಲ್ಲ.

ಮೊದಲನೆಯದು ಲಂಡನ್ ವಿಶ್ವವಿದ್ಯಾನಿಲಯದ್ದು. 1949ರಲ್ಲಿ ಮಕೆರೆರೆಯು ಅದರೊಡನೆ ಸಂಬಂಧ ಬೆಳೆಸಿ ಯೂನಿವರ್ಸಿಟಿ ಕಾಲೇಜಾಯಿತು. ಪಾಠ ಕಂಪಾಲಾದಲ್ಲಿ, ಪದವಿ ಲಂಡನ್ನಿನದು; ಪಠ್ಯಕ್ರಮಕ್ಕೂ ಪ್ರಶ್ನಪತ್ರಿಕೆಗೂ ಥೇಮ್ಸ್ ತೀರದವರ ಸಮ್ಮತಿ ಬೇಕು. 1857ರಲ್ಲಿ ಅದೇ ಲಂಡನ್ನಿನ ಮಾದರಿಯಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕುಳಿತ ನಮ್ಮ ಹಿರಿಯರಿಗೆ ಇಂಥ ಏರ್ಪಾಡು ತೀರ ಅಪರಿಚಿತವಾಗಿ ತೋರುತ್ತಿರಲಿಲ್ಲ. ಇದನ್ನು ತೆಗಳುವುದು ಸುಲಭ. ಆದರೆ ಹೊಸ ಕಾಲೇಜಿನ ವಿದ್ಯಾರ್ಥಿಗೆ ಎಲ್ಲೆಡೆಯೂ ಮನ್ನಣೆಯುಳ್ಳ ಪದವಿ ದೊರೆತದ್ದು ಸಣ್ಣ ಲಾಭವಲ್ಲ. ಕೀನ್ಯಾದ ಕಾದಂಬರಿಕಾರ ಗೂಗಿ ವಾ ಥಿಯಾಂಗೊ 1963ರಲ್ಲಿ ಇಲ್ಲಿಯೇ ಇಂಗ್ಲಿಷ್ ಪದವಿ ಪಡೆದರು. 1968ರಲ್ಲಿ, ನೈರೋಬಿಯಲ್ಲಿ ಅಧ್ಯಾಪಕರಾಗಿದ್ದಾಗ, ಇಂಗ್ಲಿಷ್ ವಿಭಾಗವನ್ನೇ ರದ್ದು ಮಾಡಿ ಆಫ್ರಿಕದ ಸಾಹಿತ್ಯಕ್ಕೆ ನಡುಮನೆಯಲ್ಲಿ ಸ್ಥಾನ ಕೊಡಬೇಕೆಂದು ಇಬ್ಬರು ಸಹೋದ್ಯೋಗಿಗಳೊಡನೆ ವಾದಿಸಿದವರೂ ಅವರೇ!

1970ರಲ್ಲಿ ಮಕೆರೆರೆ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಮರುವರ್ಷವೇ ಇದಿ ಅಮೀನನು ದೇಶವನ್ನು ಕೈವಶ ಮಾಡಿಕೊಂಡನು. 1972ರಲ್ಲಿ ಉಪಕುಲಪತಿ ಫ್ರಾಂಕ್ ಕಲಿಮುಝೊ ಅವರನ್ನು ಹಿಡಿದೊಯ್ದರು. ಅವರು ಮರಳಿ ಬರಲೇ ಇಲ್ಲ. ಅಧ್ಯಾಪಕರಲ್ಲಿ ಅನೇಕರು ದೇಶ ಬಿಟ್ಟರು.

ಎರಡನೆಯ ಸ್ನೇಹ ಸ್ವೀಡನ್ನಿನದು. ಆ ದೇಶದ ಧನಸಹಾಯದಿಂದ 2000ದಲ್ಲಿ ಮಕೆರೆರೆಯ ಅಧ್ಯಾಪಕರನ್ನು ಡಾಕ್ಟರೇಟಿಗೆ ಸಿದ್ಧಗೊಳಿಸುವ ಕಾರ್ಯ ಮೊದಲಾಯಿತು. ಪರದೇಶಕ್ಕೆ ಓದಲು ಹೋದವನು ಅಲ್ಲಿಯೇ ನೆಲಸಿಬಿಡುವುದುಂಟು. ಅಂಥ ಮಗನೊಬ್ಬ ನಮ್ಮ ನಿಮ್ಮ ಮನೆಗಳಲ್ಲೂ ಇದ್ದಾನು. ಅದಕ್ಕೆ ಇಲ್ಲೊಂದು ಉಪಾಯ ಮಾಡಿದರು. ಅಧ್ಯಾಪಕನು ಕೆಲವು ತಿಂಗಳು ಸ್ವೀಡನ್ನಿನಲ್ಲಿದ್ದು ಮತ್ತೆ ಮನೆಗೆ ಬರಬೇಕು, ಮತ್ತೆ ಹೋಗಬೇಕು. ನೌಕರಿ ಮಕೆರೆರೆಯಲ್ಲಿ, ಸಂಸಾರ ಕಂಪಾಲಾದಲ್ಲಿ, ಸಂಶೋಧನೆಯ ವಿಷಯ ಯುಗಾಂಡಾದ ನೆಲದ್ದು. ಈ ಪದ್ಧತಿಗೆ ‘ಸ್ಯಾಂಡ್‌ವಿಚ್’ ಎಂದು ಹೆಸರು. ಎರಡು ರೊಟ್ಟಿಗಳ ನಡುವೆ ಪಲ್ಯವಿದ್ದಂತೆ, ಊರಿನ ದಿನಗಳ ನಡುವೆ ಪರದೇಶದ ದಿನಗಳು.

ವಿಷಯ ಎಂಥದೆಂಬುದಕ್ಕೆ ಒಂದು ಉದಾಹರಣೆ ಸಾಕು. ಯುಗಾಂಡಾದ ಹಳ್ಳಿಗಳಲ್ಲಿ ಮಗುವಿಗೆ ಜ್ವರ ಬಂದರೆ ತಾಯಿ ಅದನ್ನು ಮಲೇರಿಯಾ ಎಂದೇ ಬಗೆಯುತ್ತಾಳೆ. ಆದರೆ ನ್ಯುಮೋನಿಯಾದಲ್ಲಿಯೂ ಜ್ವರವುಂಟು. ಮಲೇರಿಯಾದ ಮಾತ್ರೆ ನುಂಗಿಸಿ ಕಾಯುತ್ತ ಕುಳಿತರೆ ಮಗು ಕೈತಪ್ಪಿಹೋದೀತು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರೂ ಮಕೆರೆರೆಯವರೂ ಕೂಡಿ ಪೂರ್ವದ ಇಗಾಂಗಾ, ಮಯೂಗೆ ಜಿಲ್ಲೆಗಳಲ್ಲಿ ಈ ತೊಡಕನ್ನು ಬೆನ್ನಟ್ಟಿದರು. ಊರಿನ ಸ್ವಯಂಸೇವಕರು ಮಗುವಿನ ಉಸಿರನ್ನು ಎಣಿಸಲು ಕಲಿತರು: ಒಂದರಿಂದ ಐದು ವರ್ಷದ ಮಗುವಾದರೆ ನಿಮಿಷಕ್ಕೆ 40, ಎರಡು ತಿಂಗಳು ಕಳೆದು ಇನ್ನೂ ವರ್ಷ ತುಂಬದ ಕೂಸಾದರೆ 50. ಉಸಿರು ಅಷ್ಟನ್ನು ಮುಟ್ಟಿದರೆ ಬೇರೆ ಔಷಧ ಬೇಕು.

ಹಣದ ಗಂಟು ಪರದೇಶದವರ ಕೈಯಲ್ಲಿರುವ ತನಕ ಇಂಥ ಸ್ನೇಹದಲ್ಲೂ ಅಳುಕು ಇದ್ದೇ ಇರುತ್ತದೆ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಹಾಗೆ ಹೋಗಿ ಬಂದು ಡಾಕ್ಟರೇಟ್ ಪಡೆದವರು ಮಕೆರೆರೆಯ ಗುಡ್ಡದ ಮೇಲೆಯೇ ಈಗ ತಮ್ಮ ಶಿಷ್ಯರ ಪ್ರಬಂಧಗಳನ್ನು ತಿದ್ದುತ್ತಿದ್ದಾರೆ.