ಕಡ್ಡಿಗಳ ಶ್ರುತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರಿನೆಲದಲ್ಲಿ ಎತ್ತಿನ ಗಾಡಿಯನ್ನು ಕಂಡು ಬೆಳೆದವನಿಗೆ ಸೈಕಲ್ಲಿನ ಗಾಲಿ ಕಟ್ಟುವುದು ಮಕ್ಕಳಾಟವೆಂದು ತೋರೀತು. ತಂದೆಯವರ ಹಳೆಯ ಸೈಕಲ್ಲಿನ ಕಡ್ಡಿಗಳು ತುಕ್ಕು ತಿಂದು ಮುರಿದಾಗ ನನಗೂ ಹಾಗೆಯೇ ತೋರಿತು.

ಗಾಡಿಯ ಗಾಲಿಯಲ್ಲಿ ಮರದ ಅರಗಳು ಭಾರವನ್ನು ಕೆಳಗಿನಿಂದ ಹೊತ್ತು ನಿಲ್ಲುತ್ತವೆ. ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿಯು ಆರಿ, ಕುಗ್ಗಿ, ಅವನ್ನು ಬಿಗಿಯುತ್ತದೆ. ಎರಡು ಮಿಲಿಮೀಟರ್ ದಪ್ಪದ ಸೈಕಲ್ ಕಡ್ಡಿಯಾದರೋ ಒತ್ತಿದರೆ ಬಾಗುವಂಥದು. ಅದರ ಸತ್ತ್ವವೆಲ್ಲ ಎಳೆತದಲ್ಲಿದೆ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಈ ಕಡ್ಡಿಗಳನ್ನು ಓರೆಯಾಗಿ ಹೆಣೆಯುವ ಕ್ರಮಕ್ಕೆ ಪೇಟೆಂಟ್ ಪಡೆದನು.

ಇಂಥ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಭಾರ ಹೊರುವ ಹಿಂದಿನದಕ್ಕೆ 40. ಹಬ್ಬಿನ ಒಂದೊಂದು ಮಗ್ಗುಲಿಗೆ ಇಪ್ಪತ್ತರಂತೆ ಹಿಂದಿನ ಗಾಲಿಯನ್ನು ಹೆಣೆದೆ. ಹೆಣಿಗೆಯೇನೋ ಕೂಡಿತು. ರಿಮ್ಮು ಎಡಕ್ಕೆ ವಾಲಿದರೆ ಬಲದ ಕಡ್ಡಿ ಬಿಗಿದೆ. ಬಲಕ್ಕೆ ವಾಲಿದರೆ ಎಡದ್ದು. ಸಡಿಲಿಸುವ ಮಾತೇ ನೆನಪಾಗಲಿಲ್ಲ. ಕೊನೆಗೆ ಗಾಲಿ, ಒಣಗಿದ ಖಡಕ್ ರೊಟ್ಟಿಯಂತೆ, ಸೊಟ್ಟಗೆ ಸೆಟೆದು ಕೂತಿತು!

ರಿಪೇರಿ ಅಂಗಡಿಯ ಮುದುಕ ನಗಲಿಲ್ಲ. "ಎಲ್ಲಾ ಬಿಚ್ಚ್ರಿ. ಕಾಲು ಸುತ್ತು ತಿರುವ್ರಿ, ಮೀಟಿ ಕೇಳ್ರಿ" ಎಂದ. ಬಿಗಿತ ಸಮನಾದಂತೆ ಒಂದೇ ಮಗ್ಗುಲಿನ ಕಡ್ಡಿಗಳು ಏಕತಾರಿಯ ತಂತಿಯಂತೆ ಒಂದೇ ಸ್ವರ ಹಿಡಿಯತೊಡಗಿದವು. ಫ್ರೀವೀಲಿನ ಮಗ್ಗುಲಿನದು ತುಸು ಏರುದನಿ, ಅಲ್ಲಿ ಎಳೆತ ಹೆಚ್ಚು.

ಸಂಜೆ ಗಾಲಿಯನ್ನು ತಿರುಗಿಸಿದಾಗ ಕೂದಲೆಳೆಯಷ್ಟು ಓಲಾಟ ಉಳಿದಿತ್ತು. ಮತ್ತೆ ಕೀಲಿ ಹಚ್ಚಹೋದೆ. ಮುದುಕ ಕೈ ಹಿಡಿದ. "ಇರ್ಲಿ ಬಿಡ್ರಿ, ನಮ್ಮ ರಸ್ತಾಕ ಇಷ್ಟು ಸಾಕು."