ಊರು ಬಿಟ್ಟು ನಿಂತ ಸ್ಟೇಷನ್ನುಗಳು

ರೋಣ, ನರಗುಂದ, ಗಜೇಂದ್ರಗಡ. ಗದಗ ಸೀಮೆಯ ಈ ಮೂರು ಪೇಟೆಗಳಿಗೆ ಹೆಸರಿದೆ, ಇತಿಹಾಸವಿದೆ. ರೈಲು ಮಾತ್ರ ಇಲ್ಲ. ಗದಗ–ಹೋಟಗಿ ಮಾರ್ಗವು ರೋಣ, ಗಜೇಂದ್ರಗಡಗಳನ್ನು ಪೂರ್ವಕ್ಕೂ ನರಗುಂದವನ್ನು ಪಶ್ಚಿಮಕ್ಕೂ ಬಿಟ್ಟು, ಮಲ್ಲಾಪುರ, ಹೊಳೆಆಲೂರುಗಳ ಮೇಲೆ ಹಾದುಹೋಗುತ್ತದೆ. ಹೀಗೇಕಾಯಿತು?

ಉತ್ತರ 1876–78ರ ಭೀಕರ ಬರದಲ್ಲಿದೆ. ಆಗ ಕಾಳುಕಡಿಯನ್ನು ದೂರದಿಂದ ತರಬೇಕಾದದ್ದು ಚಕ್ಕಡಿಗಳು. ಮೇವು, ನೀರು ಇಲ್ಲದೆ ಎತ್ತುಗಳೇ ಸತ್ತವು. ಹಸಿದ ಊರಿಗೆ ಧಾನ್ಯ ಮುಟ್ಟಿಸಲು ರೈಲು ಬೇಕೆಂದು 1880ರ ಕ್ಷಾಮ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಗದಗ–ಹೋಟಗಿ ಮೀಟರ್ ಗೇಜ್ ಮಾರ್ಗ ತೆರೆಯಿತು. ಮಲಪ್ರಭೆ, ಕೃಷ್ಣೆ, ಭೀಮೆಗಳನ್ನು ದಾಟಿ ಮುಂಬಯಿ–ಮದರಾಸು ಹಾದಿಯನ್ನು ಕೂಡುವುದು ಅದರ ಗುರಿ. ಒಳಗೆ ಧಾನ್ಯ ಬರಬೇಕು, ಹೊರಗೆ ಗದಗದ ಹತ್ತಿ ಹೋಗಬೇಕು. ನಡುವಿನ ಪೇಟೆಗಳನ್ನು ಮುಟ್ಟಲು ಸುತ್ತುಹಾಕುವುದು ಆ ಲೆಕ್ಕದಲ್ಲಿರಲಿಲ್ಲ.

ಹೋಟಗಿಯಲ್ಲಿ ಹಳಿಯ ಅಗಲ ಬದಲಾಗುತ್ತಿತ್ತು. ಆದ್ದರಿಂದ ಪ್ರತಿ ಹತ್ತಿಯ ಅಂಡಿಗೆಯನ್ನೂ ಒಂದು ವ್ಯಾಗನ್ನಿನಿಂದಿಳಿಸಿ ಇನ್ನೊಂದಕ್ಕೆ ಹೇರಬೇಕಿತ್ತು. ಲಾರಿಗೆ ಈ ತೊಡಕಿಲ್ಲ. ಅದು ಹೊಲದ ದಂಡೆಗೇ ಬಂದು ನಿಲ್ಲುತ್ತದೆ. ನರಗುಂದಕ್ಕೆ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ಸಿಕ್ಕಿತು. ಹೀಗೆ ಸಣ್ಣ ಸ್ಟೇಷನ್ನುಗಳ ವ್ಯಾಪಾರ ಕುಗ್ಗಿತು. 2008ರ ಹೊತ್ತಿಗೆ ಮಾರ್ಗವೆಲ್ಲ ಬ್ರಾಡ್ ಗೇಜ್ ಆದಾಗ ಮೀಟರ್ ಗೇಜ್ ಕಾಲವೇ ಮುಗಿಯಿತು. ಉಗಿಬಂಡಿಗೆ ನೀರುಣಿಸುವ ಕಂಬ, ಗೂಡ್ಸ್ ಶೆಡ್ಡುಗಳಂಥವು ಇಂಥ ಬದಲಾವಣೆಯಲ್ಲಿ ಮೊದಲು ಬೇಡವಾಗುವ ವಸ್ತುಗಳು.

ಬೇಡವಾದದ್ದೆಲ್ಲ ಕೆಡವಲೇಬೇಕೆಂದಿಲ್ಲ. 1915ರಲ್ಲಿ ಆರಂಭವಾದ ಬೆಂಗಳೂರು–ಚಿಕ್ಕಬಳ್ಳಾಪುರ ನ್ಯಾರೋ ಗೇಜ್ ಮಾರ್ಗದಲ್ಲಿ ಪಾಳುಬಿದ್ದಿದ್ದ ನಂದಿ ಹಾಲ್ಟ್, ದೇವನಹಳ್ಳಿ ಮುಂತಾದ ಸ್ಟೇಷನ್ ಕಟ್ಟಡಗಳನ್ನು ರೈಲ್ವೆ ಹಾಗೂ ಇಂಟ್ಯಾಕ್ ಸಂಸ್ಥೆ ಸೇರಿ ದುರಸ್ತಿ ಮಾಡಿವೆ. ಗದಗ ಸೀಮೆಯ ಹಳೆಯ ಕಲ್ಲು, ಹೆಂಚುಗಳಿಗೂ ಆ ಅದೃಷ್ಟ ಸಲ್ಲಬೇಕು.

ಇತ್ತ ಗದಗ–ವಾಡಿ ಹೊಸ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿತು. ಗಜೇಂದ್ರಗಡ ಮತ್ತೆ ಪಕ್ಕಕ್ಕುಳಿಯಿತು. ಒಮ್ಮೆ ಎಳೆದ ಹಳಿಯ ಗೆರೆ ಒಂದು ಊರಿನ ದಿಕ್ಕನ್ನೇ ನೂರಾರು ವರ್ಷ ನಿರ್ಧರಿಸುತ್ತದೆ. ಹೊಸ ಹಳಿಗಾಗಿ ಅರ್ಜಿ ಹಿಡಿದು ಹೋಗುವವರು ಹಳೆಯ ಹಳಿ ಯಾಕೆ, ಯಾರಿಗಾಗಿ ಬಂತೆಂಬುದನ್ನು ಮೊದಲು ಓದಿಕೊಳ್ಳುವುದು ಒಳ್ಳೆಯದು.